ಇವತ್ತಿನ ನಂಬರ್

“ಬರ್ಕೋರಿ, ಇವತ್ತಿಂದು ಹೇಳ್ತೀನಿ.”

ಫೋನಿನಲ್ಲಿ ವಾರುಣಿಯ ದನಿ ಕೇಳಿದ ಕೂಡಲೇ ವಿಬುಧೇಂದ್ರ ಬಾಯಲ್ಲಿದ್ದ ಬ್ರಷ್ಷು ತೆಗೆದ. ದೇವದುರ್ಗದ ತನ್ನ ಮನೆಯ ಮಾಳಿಗೆಯ ಮೇಲೆ ನಿಂತಿದ್ದ ಅವನ ಹತ್ತಿರ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ.

“ಹೇಳ್ರಿ,” ಅಂದ.

ಅವಳು ಒಂದೊಂದೇ ಅಂಕಿ ಹೇಳಿದಳು. ನಡುವೆ ಬರುವ ಚುಕ್ಕಿಗಳ ಹತ್ತಿರ ಚೂರು ನಿಂತು ಹೇಳಿದಳು. ಆ ಚೂರು ಹೊತ್ತಿನಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ಅವನು ಅಂಕಿ ಬಿಟ್ಟು ಅದನ್ನೇ ಕೇಳುತ್ತ ನಿಂತ.

“ಬರಕೊಂಡ್ರೇನು?”

“ಹೂಂ, ಬರಕೊಂಡೆ.”

“ಹಂಗಾದ್ರ ಓದಿ ಹೇಳ್ರಿ ನೋಡೋಣ.”

ವಿಬುಧೇಂದ್ರ ತಬ್ಬಿಬ್ಬಾದ. “ಕಡೀದೊಂದು ಸರಿ ಕೇಳಿಸಲಿಲ್ಲ.”

“ಕಡೀದೋ, ಮೊದಲಿಂದೋ?”

“ಪೂರಾ ಇನ್ನೊಮ್ಮೆ ಹೇಳಿದ್ರ ಛಲೋ ಆಗ್ತದ.”

ಆ ಕಡೆ ನಗು ತಡೆದುಕೊಂಡದ್ದು ಗೊತ್ತಾಯಿತು. ಅವಳು ಮತ್ತೆ ಮೊದಲಿಂದ ಹೇಳಿದಳು, ಈ ಸಲ ಇನ್ನೂ ನಿಧಾನ. ಮೆಸೇಜ್ ಮಾಡಿದ್ದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಕೆಲಸ ಇದು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಏನಪ್ಪ ಇಂಥಾ ನಂಬರ್ ಅಂದರೆ, ಅದು ರಾಯಚೂರಿನ ಜವಾಹರನಗರದಲ್ಲಿರುವ ವಾರುಣಿಯ ಮನೆಗೆ ಇಂಟರ್‌ನೆಟ್‌ನಲ್ಲಿರುವ ವಿಳಾಸ. ಅದು ಗೊತ್ತಿದ್ದರೆ ವಿಬುಧೇಂದ್ರ ದೇವದುರ್ಗದಲ್ಲಿ ಕೂತೇ ಅವಳ ಕಂಪ್ಯೂಟರಿಗೆ ವಿಡಿಯೋ ಕಳಿಸಬಹುದು. ಆದರೆ ರೌಟರ್ ಒಮ್ಮೆ ಆರಿ ಹತ್ತಿದರೆ ಆ ವಿಳಾಸ ಬದಲಾಗಿಬಿಡುತ್ತದೆ. ಆ ಮನೆಯ ರೌಟರ್ ದಿನಾ ಬೆಳಿಗ್ಗೆ ಆರುತ್ತಿತ್ತು.

ಆರಿಸುತ್ತಿದ್ದವರು ವಾರುಣಿಯ ಅಜ್ಜಿ ಅನಸೂಯಾಬಾಯಿ. ಕೇಬಲ್ ತಾಯಪ್ಪ ರೌಟರನ್ನು ತಂದು ಜಡಿದದ್ದು ನಡುಮನೆಯ ಗೋಡೆಗೆ, ಅಜ್ಜಿಯ ಮಡಿ ಸೀರೆ ಒಣಗುವ ಗಳದ ಸರಿಯಾಗಿ ಕೆಳಗೆ. ಅಜ್ಜಿ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಬಂದು, ಕೋಲಿನಿಂದ ಮಡಿ ಸೀರೆ ಇಳಿಸಿಕೊಳ್ಳಬೇಕು. ಒದ್ದೆ ಮೈ, ಪಕ್ಕದಲ್ಲೇ ಕರೆಂಟು. ಹಾಗಾಗಿ ಮೊದಲು ಅದೇ ಮಡಿಕೋಲಿನ ತುದಿಯಿಂದ ರೌಟರಿನ ಸ್ವಿಚ್ಚು ಒತ್ತಿ, ಆಮೇಲೆ ಸೀರೆಗೆ ಕೋಲು ಹಾಕುತ್ತಿದ್ದರು. ಪೂಜೆ, ತೀರ್ಥ ಎಲ್ಲ ಆದ ಮೇಲೆ ವಾರುಣಿ ಸ್ವಿಚ್ಚು ಹಾಕಿ ಹೊಸ ನಂಬರ್ ನೋಡಿ ಫೋನ್ ಮಾಡುತ್ತಿದ್ದಳು.

ವಿಬುಧೇಂದ್ರ ಮದುವೆ ಮುಂಜಿವೆಗಳ ವಿಡಿಯೋ ತೆಗೆಯುವವನು. ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಆಚಾರದ ಮನೆಗಳಲ್ಲಿ ಅವನಿಗೆ ಭಾಳ ಬೇಡಿಕೆ. ಕ್ಯಾಮೆರಾ ದೊಡ್ಡದಂತೇನಲ್ಲ. ಮಡಿಯಲ್ಲಿದ್ದವರಿಗೆ ತಾಗದಂತೆ ಎಲ್ಲಿ ನಿಲ್ಲಬೇಕು, ಧಾರೆಯ ನೀರು ಬೀಳುವ ಹೊತ್ತಿಗೆ ಯಾವ ಮಗ್ಗುಲಿಗೆ ಬರಬೇಕು ಎಂಬುದು ಪುರೋಹಿತರ ಮಗನಾದ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ತೆಗೆದದ್ದನ್ನು ಕತ್ತರಿಸಿ ಜೋಡಿಸಿ ಚೆಂದ ಮಾಡುವ ಕೆಲಸ ವಾರುಣಿಯದು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಎಡಿಟಿಂಗ್.

ಮೊದಲೆಲ್ಲ ಅವನು ಹಾರ್ಡ್ ಡಿಸ್ಕ್ ಹಿಡಿದು ಬಸ್ ಹತ್ತಿ ರಾಯಚೂರಿಗೆ ಬರುತ್ತಿದ್ದ. ಮೊದಲ ಸಲ ಬಂದಾಗ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮುದುಡಿ ಕೂತವನನ್ನು ಅನಸೂಯಾಬಾಯಿ ಒಳಗಿಂದಲೇ ವಿಚಾರಿಸಿದ್ದರು.

“ಯಾವ ಗೋತ್ರಪಾ ನಿಂದು?”

“ಕಾಶ್ಯಪ, ಅಜ್ಜಿ.”

“ಗುರುರಾಜಂದೂ ಅದನ. ಹಂಗಾದ್ರ ನೀ ಮನಿ ಹುಡುಗನ ಆದಿ. ಅಲ್ಲ್ಯಾಕ ಕೂತಿ, ಒಳಗ ಬಾ.”

ಗುರುರಾಜ ಅಂದರೆ ಅಜ್ಜಿಯ ಮಗ, ರಿಟೈರ್ಡ್ ಲೆಕ್ಕದ ಮೇಷ್ಟ್ರು. ವಾರುಣಿ ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದಳು. ವಿಬುಧೇಂದ್ರ ಖುಷಿಯಾಗಿಯೇ ಒಳಗೆ ಹೋಗಿ ಅವಲಕ್ಕಿ ತಿಂದ. ಮನೆ ಹುಡುಗ ಎನ್ನಿಸಿಕೊಂಡದ್ದು ಎಂಥ ಇಕ್ಕಟ್ಟು ಎಂಬುದು ಗೊತ್ತಾಗಲಿಕ್ಕೆ ಕೆಲವು ತಿಂಗಳು ಬೇಕಾಯಿತು.

ಫೈಲು ಕಾಪಿ ಆಗುವವರೆಗೆ ಕಾಯಬೇಕಲ್ಲ. ಆ ಹೊತ್ತಿನಲ್ಲಿ ವಾರುಣಿ ಅವನು ತೆಗೆದದ್ದನ್ನು ಓಡಿಸಿ ನೋಡುತ್ತಿದ್ದಳು. “ಮದುಮಗಳ ಅವ್ವ ಅಳೂದನ್ನ ಇಷ್ಟು ಹೊತ್ತು ಹಿಡದೀರಿ, ನಿಮಗ ಕರುಣಾ ಇಲ್ಲೇನು?” ಎನ್ನುವಳು. ಅನ್ನುವಾಗ ಅವಳ ಕಣ್ಣಲ್ಲೇ ನೀರಿರುತ್ತಿತ್ತು. ಕಿವಿಗೆ ಹಾಕಿದ ಹೆಡ್‌ಫೋನನ್ನು ಒಂದು ಕಡೆ ಮಾತ್ರ ಸರಿಸಿ, ಓರೆಗಣ್ಣಿನಿಂದ ಅವನನ್ನು ನೋಡಿ, ಅವನು ನೋಡಿದ್ದೇ ತಡ ಪರದೆಯ ಕಡೆ ತಿರುಗುತ್ತಿದ್ದಳು. ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಳ್ಳುವುದು, ಅದು ಮತ್ತೆ ಜಾರುವುದು. ವಿಬುಧೇಂದ್ರ ಆ ಕೂದಲನ್ನು ನೋಡುತ್ತ ಚಹಾ ಆರಿಸಿಕೊಳ್ಳುತ್ತಿದ್ದ.

ಪ್ರೀತಿ ಅಂತ ಅದಕ್ಕೆ ಹೆಸರಿಟ್ಟ ದಿನವೇ ಅವನ ನಿದ್ದೆ ಹಾರಿಹೋಯಿತು. ಒಂದೇ ಗೋತ್ರದವರು ಅಣ್ಣ ತಂಗಿ ಇದ್ದ ಹಾಗೆ. ಅಲ್ಲಿ ಮದುವೆಯ ಮಾತೇ ಬರುವುದಿಲ್ಲ. ಎಷ್ಟೋ ಮಂಟಪಗಳಲ್ಲಿ ನಿಂತು ಗೋತ್ರ ಪ್ರವರ ಹೇಳುವುದನ್ನು ಹತ್ತಿರದಿಂದ ಹಿಡಿದವನು ಅವನು. ಬೇರೆ ಯಾವ ಅಡ್ಡಿಯಾದರೂ ಹಟ ಹಿಡಿದು ದಾಟಬಹುದಿತ್ತು. ಇದನ್ನು ಅಪ್ಪನ ಮುಂದೆ ಬಾಯಿಬಿಟ್ಟು ಹೇಳುವುದೂ ಸಾಧ್ಯವಿರಲಿಲ್ಲ.

ಹೋಗುವುದನ್ನೇ ನಿಲ್ಲಿಸಿದರೆ ಮನಸ್ಸು ತಣ್ಣಗಾದೀತು ಎಂದುಕೊಂಡ. ಅದಕ್ಕೇ ಊರಲ್ಲಿ ಕೂತೇ ಫೈಲು ಕಳಿಸುವ ಈ ಪೋರ್ಟ್ ಫಾರ್ವರ್ಡಿಂಗ್ ಹುಚ್ಚು. ತಾಯಪ್ಪನಿಗೆ ಹೇಳಿ ವಾರುಣಿಯ ಮನೆಗೆ ಬೇರೆಯದೇ ಆದ ಇಂಟರ್‌ನೆಟ್ ವಿಳಾಸ ಹಾಕಿಸಿದ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಡುಮನೆಯಲ್ಲಿ ಕೂತು ರೌಟರಿನ ಸೆಟ್ಟಿಂಗ್ ತೆರೆದ.

“ಏನ್ ಮಾಡ್ಲಿಕ್ಕತ್ತೀಪಾ ಅದಕ್ಕ?” ಅಜ್ಜಿ ಕೇಳಿದರು.

“ಹೊರಗಿಂದ ಯಾರು ಬಂದ್ರೂ ಇದು ಬಾಗಲಾ ತಗಿಯೂದಿಲ್ಲ, ಅಜ್ಜಿ. ನಾ ಬಂದ್ರ ಸೀದಾ ವಾರುಣಿ ಅವರ ಕಂಪ್ಯೂಟರ್ ಕಡೆ ಕಳಿಸು ಅಂತ ಇದಕ್ಕ ಹೇಳಿ ಇಡ್ಲಿಕ್ಕತ್ತೀನಿ.”

“ಕಳ್ಳರು ಬಂದ್ರ?”

“ಪಾಸ್‌ವರ್ಡ್ ಹಾಕೀನಿ.”

ವಾರುಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಲ್ಲ ನೋಡುತ್ತಿದ್ದಳು. “ಅಂದ್ರ ಇನ್ನ ಹಾರ್ಡ್ ಡಿಸ್ಕ್ ತರೂದಿಲ್ಲ,” ಅಂದಳು.

“ತರೂ ಕೆಲಸ ಇರೂದಿಲ್ಲ.”

“ಕೆಲಸ ಇದ್ರ ಅಷ್ಟ ಬರ್ತೀರೇನು ನೀವು?”

ಅವನು ತಲೆ ಎತ್ತಲಿಲ್ಲ. ಕೀಲಿ ಒತ್ತಿದ, ಸೇವ್ ಆಯಿತು. ಬಸ್ಸಿನಲ್ಲಿ ವಾಪಸು ಹೋಗುವಾಗ ತನ್ನ ಕೈಯಾರೆ ತನ್ನ ಕಾಲು ಕತ್ತರಿಸಿಕೊಂಡೆ ಅನ್ನಿಸಿತು.

ಮರುದಿನವೇ ಲೈನು ಸಿಗಲಿಲ್ಲ. ಫೋನ್ ಮಾಡಿದರೆ ಮಡಿಕೋಲಿನ ಕಥೆ ಹೊರಬಿತ್ತು. ನಂಬರ್ ಎಷ್ಟು ಸಲ ಬದಲಾದರೂ ತೊಂದರೆಯಾಗದಂತೆ ಮನೆಗೆ ಒಂದು ಹೆಸರು ಕೊಟ್ಟುಬಿಡುವ ಉಪಾಯ ಇದೆ. ರೌಟರ್ ತಾನೇ ಹೊಸ ನಂಬರನ್ನು ಆ ಹೆಸರಿಗೆ ಜೋಡಿಸಿಕೊಳ್ಳುತ್ತದೆ. ಅದು ವಿಬುಧೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು. “ಇದಕ್ಕೇನೂ ಮಾಡ್ಲಿಕ್ಕೆ ಬರೂದಿಲ್ರಿ, ದಿನಾ ನೀವ ನಂಬರ್ ಹೇಳಬೇಕಾಗ್ತದ,” ಎಂದುಬಿಟ್ಟ. ದೂರ ಹೋಗಲೆಂದೇ ಇಷ್ಟೆಲ್ಲ ಮಾಡಿದವನು, ದಿನಾ ಬೆಳಿಗ್ಗೆ ಅವಳ ದನಿ ಕೇಳುವ ದಾರಿ ಮಾಡಿಕೊಂಡ. ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು. ಆದರೆ ಫೋನ್ ಬರುವುದು ತಡವಾದರೆ ಮಾಳಿಗೆಯ ಮೇಲೆ ಆ ಕಡೆಯಿಂದ ಈ ಕಡೆಗೆ ತಿರುಗುತ್ತಿದ್ದ. ಕೆಳಗಿಂದ ಅವ್ವ, “ಯಾಕೋ, ಮಾಳಿಗಿ ಮುರೀತೀಯೇನು?” ಎಂದು ಕೂಗುವಳು.

ಹೀಗಿರುವಾಗ ಅನಸೂಯಾಬಾಯಿ ತಮ್ಮ ತಂಗಿಯ ಮನೆಗೆಂದು ಬಾಗಲವಾಡಕ್ಕೆ ಹೋದರು. ಇನ್ನು ರೌಟರ್ ಆರಿಸುವವರಿಲ್ಲ, ಫೋನೂ ಇಲ್ಲ ಎಂದು ವಿಬುಧೇಂದ್ರ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ. ಫೋನ್ ಬಂತು.

“ಬರ್ಕೋರಿ.”

“ಅಜ್ಜಿ ಊರಾಗಿಲ್ಲಲ್ರಿ?”

“ಇಲ್ಲ.”

“ಮತ್ತ ಸ್ವಿಚ್ ಯಾರು ಆರಿಸಿದ್ರು?”

“ಕರೆಂಟ್ ಹೋಗಿತ್ರಿ.”

ಅದರ ಮರುದಿನವೂ ಕರೆಂಟ್ ಹೋಗಿತ್ತಂತೆ. ಅದರ ಮರುದಿನವೂ.

“ಶಕ್ತಿನಗರದ ಕರೆಂಟ್ ಫ್ಯಾಕ್ಟರಿ ಬಾಜೂಕ ಇಟ್ಕೊಂಡು ದಿನಾ ಅದ ಹೊತ್ತಿಗೆ ಕರೆಂಟ್ ಹೋಗ್ತದೇನ್ರಿ ನಿಮಗ?” ಅಂದ ಅವನು.

“ಹೋಗ್ತದ. ನಿಮಗೇನರ ತ್ರಾಸ ಅದ ಏನು?”

“ನನಗೇನ್ ತ್ರಾಸ.”

“ಹಂಗಾದ್ರ ಸುಮ್ಮ ಬರ್ಕೋರಿ.”

ಫೋನ್ ಇಟ್ಟ ಮೇಲೆ ವಿಬುಧೇಂದ್ರನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಅವಳೇ ಆರಿಸುತ್ತಾಳೆ, ಅವಳೇ ಹಚ್ಚುತ್ತಾಳೆ, ತನಗೋಸ್ಕರ. ಆ ಸುಖ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ. ತಾನೊಬ್ಬನೇ ಚಡಪಡಿಸುತ್ತಿದ್ದೇನೆ ಅಂದುಕೊಂಡಷ್ಟು ದಿನ ಎದೆಯೊಳಗೆ ಮುಚ್ಚಿಟ್ಟುಕೊಂಡಿದ್ದ. ಈಗ ಅವಳನ್ನೂ ಎಳೆದು ತಂದ ಹಾಗಾಯಿತು. ಗೋತ್ರ ಗೊತ್ತಿದ್ದೂ ಈ ಹುಡುಗಿ ಹೇಗೆ ಇಷ್ಟು ನಿರಾಳವಾಗಿದ್ದಾಳೆ ಎಂದು ಅವನಿಗೆ ಬಗೆಹರಿಯಲಿಲ್ಲ. ನೀರಮಾನ್ವಿಯ ಒಂದು ಮುಂಜಿವೆಯಲ್ಲಿ ವಟುವನ್ನು ಬಿಟ್ಟು ಕಂಬವನ್ನು ಹಿಡಿದು ಬಂದಿದ್ದ.

ಅಜ್ಜಿ ವಾಪಸು ಬಂದರೆಂದು ತಿಳಿದ ಮೇಲೆ ಗಟ್ಟಿ ಮನಸ್ಸು ಮಾಡಿ ರಾಯಚೂರಿಗೆ ಹೋದ. ರೌಟರಿನ ಪುಟ ತೆರೆದು ಮನೆಗೆ ಹೆಸರು ಹಾಕಲು ಕೂತ. ವಾರುಣಿ ಬಂದು ಪಕ್ಕದಲ್ಲಿ ನಿಂತಳು. ಅವಳ ದುಪ್ಪಟ್ಟಾದ ಅಂಚು ಅವನ ಮೊಣಕೈಗೆ ತಾಗಿತು, ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಏನಿದು?”

“ಇನ್ನ ನಂಬರ್ ಬದಲಾದ್ರೂ ನಡೀತದ. ನೀವು ಫೋನ್ ಮಾಡೂದು ಬ್ಯಾಡ.”

“ಇದಕ್ಕೇನೂ ಮಾಡ್ಲಿಕ್ಕೆ ಬರೂದಿಲ್ಲ ಅಂದಿದ್ರಿ.”

“ಅಂದಿದ್ದೆ.”

“ಇದು ಮೊದಲ ಗೊತ್ತಿತ್ತೇನು ನಿಮಗ?”

“ಗೊತ್ತಿತ್ತು.”

ಅವಳ ಮುಖದಲ್ಲಿ ನಗು ಮೂಡಿತು. ತುಟಿಯ ಒಂದು ತುದಿಯಲ್ಲಿ ಹುಟ್ಟಿ, ಕಣ್ಣಿಗೆ ಹೋಗಿ, ಕೆನ್ನೆ ಕೆಂಪಾಗುವಷ್ಟು ಹರಡಿತು. ಆಮೇಲೆ ಅವಳಿಗೆ ಬೇರೆ ಯೋಚನೆ ಬಂತು. “ಮತ್ತ ಇವತ್ತ್ಯಾಕ ಸರಿ ಮಾಡ್ಲಿಕ್ಕತ್ತೀರಿ?”

ಅವನು ಹೆಸರು ಹಾಕಿ ಸೇವ್ ಒತ್ತಿದ. ಆ ನಗು ಬಂದ ದಾರಿಯಲ್ಲೇ ವಾಪಸು ಹೋಯಿತು. ಅದನ್ನು ನೋಡಿದ ಪಾಪಿ ಅವನೊಬ್ಬನೇ.

ಅಷ್ಟರಲ್ಲಿ ಅಜ್ಜಿ ಬಂದು ಕೂತರು. “ಛಲೋ ಆತು ನೀ ಬಂದದ್ದು. ಮಾನ್ವ್ಯಾಗ ಭೀಮಸೇನರಾಯರು ಅಂತ ಇದ್ದಾರ. ಮಗ ಶಕ್ತಿನಗರದಾಗ ಎಂಜಿನಿಯರ್. ವಾರುಣಿಗೆ ಕೇಳ್ಯಾರ. ಗುರುರಾಜನಿಗೆ ಮೊಣಕಾಲು ಬ್ಯಾನಿ, ಬಸ್ ಹತ್ತೂದಾಗೂದಿಲ್ಲ. ನೀ ಮನಿ ಹುಡುಗ ಇದ್ದಿ, ಒಂದ್ಸಲ ಹೋಗಿ ಮನೀ ಮಂದಿ ಹೆಂಗ ಅಂತ ನೋಡಿ ಬಾ.”

ವಿಬುಧೇಂದ್ರ ವಾರುಣಿಯ ಕಡೆ ನೋಡಿದ. ಬೇಡ ಅನ್ನಲಿ ಎಂದು ಕಾದ.

“ಹೋಗಿ ಬರ್ರಿ,” ಅಂದಳು ಅವಳು, ಅವನ ಕಡೆ ನೋಡದೆ. “ನೀವು ಛಲೋ ಅಂದ್ರ ಛಲೋ.”

ಹೋದ. ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಹೋಟೆಲ್ ಒಂದಕ್ಕೆ ಹೊಕ್ಕು ಚಹಾ ಹೇಳಿ, ಕುಡಿಯದೇ ಎದ್ದು ಬಂದ. ಹುಡುಗನಲ್ಲಿ ಏನಾದರೊಂದು ಊನ ಸಿಕ್ಕೇ ಸಿಗುತ್ತದೆ ಎಂಬ ಆಸೆ. ಭೀಮಸೇನರಾಯರ ಮನೆಯಲ್ಲಿ ಅದೂ ಮಣ್ಣಾಯಿತು. ಹುಡುಗ ತಾನೇ ನೀರು ತಂದುಕೊಟ್ಟ, ತಾನೇ ಚಹಾ ಸೋಸಿದ, ತಾಯಿಯ ಜೊತೆ ನಗುನಗುತ್ತ ಮಾತಾಡಿದ, ವಾರುಣಿಯ ಕೆಲಸದ ಬಗ್ಗೆ ಮರ್ಯಾದೆಯಿಂದ ಕೇಳಿದ. “ಮದುವಿ ಆದ ಮ್ಯಾಲೂ ಅವ್ರು ಎಡಿಟಿಂಗ್ ಬಿಡೂದು ಬ್ಯಾಡ್ರಿ,” ಎಂದೂ ಅಂದ. ವಿಬುಧೇಂದ್ರನಿಗೆ ಅಳುವುದೊಂದು ಬಾಕಿ.

“ಎಲ್ಲಾ ಕೇಳಿದ್ವಿ, ಗೋತ್ರ ಕೇಳೂದ ಮರೆತ್ವಿ,” ಅಂದರು ರಾಯರು. “ಹುಡುಗೀದು ಯಾವ ಗೋತ್ರರೀ?”

“ಕಾಶ್ಯಪ.”

ರಾಯರು ಕಪ್ಪು ಬಸಿ ಕೆಳಗಿಟ್ಟರು. “ಅಯ್ಯ, ನಮ್ಮದೂ ಅದ ಗೋತ್ರ. ಹಂಗಾದ್ರ ಕೂಡೂದಿಲ್ಲ ಬಿಡ್ರಿ.”

ಮುಖದಲ್ಲಿ ದುಃಖ ತಂದುಕೊಳ್ಳಲು ವಿಬುಧೇಂದ್ರ ಪಟ್ಟ ಪಾಡು ಯಾರಿಗೂ ಬೇಡ. ಹೊರಗೆ ಬಂದು ಓಣಿ ತಿರುಗಿದ ಮೇಲೆ ಜೋರಾಗಿ ಉಸಿರು ಬಿಟ್ಟ. ಆದರೆ ರಾಯಚೂರಿನ ಬಸ್ಸು ಊರು ದಾಟುವಷ್ಟರಲ್ಲಿ ಆ ಹಗುರವೂ ಹೋಯಿತು. ಈ ಹುಡುಗ ತಪ್ಪಿದರೆ ಇನ್ನೊಬ್ಬ ಬರುತ್ತಾನೆ. ಅವನನ್ನು ನೋಡಿ ಬರಲಿಕ್ಕೂ ಮನೆ ಹುಡುಗನನ್ನೇ ಕಳಿಸುತ್ತಾರೆ. ಅವಳ ಮದುವೆಯ ವಿಡಿಯೋ ತೆಗೆಯಲಿಕ್ಕೂ ತನ್ನನ್ನೇ ಕರೆಯುತ್ತಾರೆ. ಧಾರೆಯ ನೀರು ಬೀಳುವಾಗ ಯಾವ ಮಗ್ಗುಲಿಗೆ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು.

ಅವನು ಜವಾಹರನಗರ ಮುಟ್ಟಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಅಜ್ಜಿ ಹೂಬತ್ತಿ ಮಾಡುತ್ತ ಕೂತಿದ್ದರು, ಗುರುರಾಜ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ವಾರುಣಿ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಹುಡುಗ ಛಲೋ ಇದ್ದಾನ, ಅಜ್ಜಿ. ಮಂದೀನೂ ಛಲೋ. ಆದ್ರ ಕೂಡೂದಿಲ್ಲ. ಅವರದೂ ಕಾಶ್ಯಪನ.”

“ಇದ್ರ ಇರವಲ್ದ್ಯಾಕ? ಅದಕ್ಕೇನಾತು?”

“ಒಂದ ಗೋತ್ರ ಆಗ್ತದಲ್ಲ.”

ಅಜ್ಜಿಯ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. “ಯಾರದು ಒಂದ? ವಾರುಣೀದು ಕಾಶ್ಯಪ ಅಂತ ನಿನಗ ಯಾರು ಹೇಳಿದ್ರು?”

“ಗುರುರಾಜ ಸರ್‌ದು ಕಾಶ್ಯಪ ಅಂದ್ರ, ಅವರ ಮಗಳದೂ...”

“ಇಕಿ ನನ್ನ ಮಗಳ ಮಗಳಪಾ,” ಅಂದರು ಅಜ್ಜಿ. “ಅವ್ವ, ಅಪ್ಪ ಇಬ್ಬರೂ ಹೋದಾಗ ಕೂಸಿದ್ಲು. ಗುರುರಾಜ ಸೋದರಮಾವ ಇಕಿಗೆ. ಅಂವ ಬೆಳೆಸಿದ, ಅಪ್ಪಾ ಅಂತಾಳ. ಅವರಪ್ಪನ ಮನೀದು ವಸಿಷ್ಠ ಗೋತ್ರ. ಅಯ್ಯ ನಿನ್ನ, ತಪ್ಪು ಹೇಳಿ ಕೂಡೂ ಸಂಬಂಧ ಕೆಡಿಸಿ ಬಂದಿಯಲ್ಲೋ.”

ವಿಬುಧೇಂದ್ರ ಬಾಯೊಳಗೇ ಹೇಳಿಕೊಂಡ. ವಸಿಷ್ಠ. ಒಂದೇ ಮಾತು ಒಂದು ವರ್ಷ ಮೊದಲು ಕೇಳಿದ್ದರೆ ಸಾಕಿತ್ತು. ಮನೆಯ ಹಿರಿಯರು ಎದುರಿಗೇ ಇದ್ದರು, ಕೇಳುವ ಬಾಯಿ ತನಗಿತ್ತು. ಕೇಳಿದರೆ ಮನಸ್ಸಿನಲ್ಲಿದ್ದದ್ದು ಗೊತ್ತಾದೀತೆಂಬ ಹೆದರಿಕೆಯಲ್ಲಿ ಸುಮ್ಮನಿದ್ದು, ಅವಳ ಮುಖದ ನಗು ಆರಿಸಿ ಬಂದಿದ್ದ.

ವಾರುಣಿ ಒಂದು ಹೆಜ್ಜೆ ಮುಂದೆ ಬಂದಳು. “ಇಷ್ಟು ದಿನ ನನ್ನ ಕಾಶ್ಯಪ ಅಂತ ತಿಳ್ಕೊಂಡಿದ್ರೇನು ನೀವು?” ದನಿ ಸಣ್ಣದಾಗಿತ್ತು. “ಅದಕ್ಕ ಬರೂದು ಬಿಟ್ರೇನು? ಅದಕ್ಕ ಅವತ್ತು ಫೋನ್ ಬ್ಯಾಡ ಅಂದ್ರೇನು?” ಎಲ್ಲ ಗೊತ್ತಾದ ಮೇಲೆ ಅವಳ ಕಣ್ಣು ಅವನನ್ನು ಬಿಟ್ಟು ಕದಲಲಿಲ್ಲ.

“ಈಗೇನು ಕೆಟ್ಟಿಲ್ಲ,” ಅಂದರು ಗುರುರಾಜ. “ರಾಯರಿಗೆ ಫೋನ್ ಹಚ್ಚಿ ತಪ್ಪಾತು ಅಂತ ಹೇಳಪಾ. ಒಂದು ಮಾತಿನ ಕೆಲಸ.”

ಒಂದು ಮಾತಿನ ಕೆಲಸವೇ ಹೌದು. ಹೇಳಿದರೆ ಆ ಒಳ್ಳೆಯ ಹುಡುಗ ನಾಳೆಯೇ ಹೆಣ್ಣು ನೋಡಲು ಬರುತ್ತಾನೆ. ಹೇಳದೆ ಮುಚ್ಚಿಟ್ಟರೆ ತನ್ನಂಥ ನೀಚ ಇನ್ನೊಬ್ಬನಿಲ್ಲ. ವಿಬುಧೇಂದ್ರ ಫೋನ್ ತೆಗೆದ. ಆ ಕಡೆ ರಾಯರು ಹಲೋ ಅಂದರು.

“ರಾಯರ, ನಾ ವಿಬುಧೇಂದ್ರ. ಮಧ್ಯಾಹ್ನ ಗೋತ್ರ ತಪ್ಪು ಹೇಳಿದ್ದೆ. ಹುಡುಗೀದು ವಸಿಷ್ಠ. ನಿಮ್ಮ ಮನಿಗೆ ಕೂಡ್ತದ.” ಫೋನನ್ನು ಇನ್ನೊಂದು ಕಿವಿಗೆ ಹಿಡಿದ. “ಹುಡುಗಾ ಭಾಳ ಛಲೋ ಇದ್ದಾನ, ಅದನ್ನೂ ಇಲ್ಲೆ ಹೇಳೀನಿ. ಆದ್ರ ನಂದೂ ಕಾಶ್ಯಪರಿ. ನಮ್ಮ ಮನಿಗೂ ಕೂಡ್ತದ. ಅದು ನನಗ ಈಗ ಗೊತ್ತಾತು. ನಾನೂ ಕೇಳ್ಲಿಕ್ಕತ್ತೀನಿ. ಅವ್ರು ಯಾರಿಗೆ ಹೂಂ ಅಂತಾರೋ ಅವರಿಗೆ ಬಿಟ್ಟದ್ದು. ನಿಮ್ಮಿಂದ ಮುಚ್ಚಿಟ್ಟು ಕೇಳಬಾರ್ದಂತ ಹೇಳಿದೆ.”

“ಹಂಗಾದ್ರ ನೀವು ನಮ್ಮ ಮನಿಗೆ ಯಾಕ ಬಂದಿದ್ರಿ?” ಅಂದರು ರಾಯರು, ನಿಜವಾಗಿಯೂ ಅರ್ಥವಾಗದೆ. ಅವನು ಹೇಳುವಷ್ಟರಲ್ಲಿ ಅವರೇ ಫೋನ್ ಇಟ್ಟರು.

ಗುರುರಾಜ ಎಣ್ಣೆಯ ಬಟ್ಟಲು ಕೆಳಗಿಟ್ಟರು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು, ಮೊದಲ ಸಲ ನೋಡುವವರ ಹಾಗೆ. “ಮನಿ ಹುಡುಗ ಅಂತ ಒಳಗ ಬಿಟ್ಕೊಂಡೆ,” ಅಂದರು. ಸಿಟ್ಟೋ ಏನೋ ತಿಳಿಯಲಿಲ್ಲ. “ನಾ ಏನೂ ಹೇಳೂದಿಲ್ಲ. ಇಕಿನ್ನ ಕೇಳು.”

ವಿಬುಧೇಂದ್ರ ವಾರುಣಿಯ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು, ಆದರೆ ಗದ್ದ ಮಾತ್ರ ಮೇಲಿತ್ತು.

“ಮಾನ್ವಿ ರಾಯರಿಗೆ ಹೇಳಿದ್ರಿ,” ಅಂದಳು. “ಅಜ್ಜಿ ಕೇಳಿಸ್ಕೊಂಡ್ಲು, ಅಪ್ಪನೂ ಕೇಳಿಸ್ಕೊಂಡ. ನನಗ ಇನ್ನೂ ಯಾರೂ ಏನೂ ಕೇಳಿಲ್ಲ.”

“ನನ್ನ ಮದುವಿ ಆಗ್ತೀರೇನು, ವಾರುಣಿ?”

ಅವಳು ದುಪ್ಪಟ್ಟಾದಿಂದ ಕಣ್ಣೊರೆಸಿಕೊಂಡಳು. ಒಂದು ವರ್ಷದ ಸಿಟ್ಟು ಅವಳದ್ದೂ ಇತ್ತು, ಅದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

“ಆಗ್ತೀನಿ,” ಅಂದಳು. “ಆದ್ರ ಮಂಟಪದಾಗ ಎಲ್ಲಿ ನಿಂದರಬೇಕು, ಯಾರ ಅವ್ವ ಅಳ್ಲಿಕ್ಕತ್ತಾಳ ಅಂತ ಹುಡುಕ್ಕೊಂತ ತಿರಗಬ್ಯಾಡ್ರಿ. ಅವತ್ತೊಂದು ದಿನ ಕ್ಯಾಮೆರಾ ಯಾರಿಗಾರ ಕೊಟ್ಟು ನನ್ನ ಬಾಜೂಕ ಕೂಡ್ರಿ.”